ಒಂಟಿ ಚುಕ್ಕಿಗೆ ಹೆಸರಿಲ್ಲ

ನನಗೆ ವಾಟ್ಸಾಪ್‌ನಲ್ಲಿ ಬರುವ ಫೋಟೊಗಳಲ್ಲಿ ಸುಮಾರು ಕಪ್ಪಗೇ ಇರುತ್ತವೆ. ಪೂರ್ತಿ ಕಪ್ಪಲ್ಲ. ಬೆಂಗಳೂರಿನ ರಾತ್ರಿ ಆಕಾಶಕ್ಕೆ ಇರುತ್ತಲ್ಲ, ಆ ಬೂದು ಬಣ್ಣ. ಮಧ್ಯದಲ್ಲೆಲ್ಲೋ ಒಂದು ಬಿಳಿ ಚುಕ್ಕಿ. ಕೆಳಗೆ ಪ್ರಶ್ನೆ: "ಇದು ಯಾವ ನಕ್ಷತ್ರ?" ಕಳಿಸುವವರು ಆಫೀಸಿನವರು, ನೆಂಟರು, ಮೇಲಿನ ಮನೆ ಆಂಟಿ. ಆಂಟಿಯ ಪ್ರಶ್ನೆ ಸ್ವಲ್ಪ ಬೇರೆ: "ಇದು ಡ್ರೋನ್ ಅಲ್ವಾ? ನಮ್ಮನೇನೇ ನೋಡ್ತಾ ಇದೆ."

ಒಂದೇ ಚುಕ್ಕಿಯ ಫೋಟೊ ನೋಡಿ ಹೆಸರು ಹೇಳೋದು ಯಾರಿಂದಲೂ ಆಗದ ಕೆಲಸ. ನಮ್ಮ ಊರಲ್ಲಿ ವಿಳಾಸ ಕೇಳಿದರೆ "ನಾಲ್ಕನೇ ಕ್ರಾಸ್" ಅಂದಷ್ಟೇ ಹೇಳಿದ ಹಾಗೆ ಅದು. ಪ್ರತಿ ಬಡಾವಣೆಗೂ ಒಂದು ನಾಲ್ಕನೇ ಕ್ರಾಸ್ ಇದೆ. ಗಣೇಶನ ಗುಡಿ ಎದುರು, ಹಿಟ್ಟಿನ ಗಿರಣಿ ಪಕ್ಕ, ಹಸಿರು ಗೇಟು ಅಂದಾಗಲೇ ಮನೆ ಸಿಗೋದು. ನಕ್ಷತ್ರಕ್ಕೂ ಅಕ್ಕಪಕ್ಕದವರೇ ಗುರುತು.

ಹಾಗಾಗಿ ನಾನು ತಿರುಗಿ ಕೇಳುವುದು ಮೂರು ವಿಷಯ. ಯಾವ ಕಡೆ ಮುಖ ಮಾಡಿ ತೆಗೆದಿರಿ? ಯಾವತ್ತು, ಎಷ್ಟು ಗಂಟೆಗೆ? ಜೂಮ್ ಮಾಡದೆ ಅಗಲಕ್ಕೆ ತೆಗೆದದ್ದು ಇದೆಯಾ? ಇದ್ದರೆ ಅದನ್ನು ಡಾಕ್ಯುಮೆಂಟ್ ಆಗಿ ಕಳಿಸಿ ಅನ್ನುತ್ತೇನೆ. ಸುಮ್ನೆ ಫೋಟೊ ಅಂತ ಕಳಿಸಿದರೆ ವಾಟ್ಸಾಪ್ ಅದನ್ನು ಹಿಂಡಿ ಸಣ್ಣದು ಮಾಡುತ್ತದೆ. ಮಂಕು ನಕ್ಷತ್ರಗಳೆಲ್ಲ ಅಲ್ಲೇ ಅಳಿಸಿಹೋಗುತ್ತವೆ. ಫೋಟೊದ ಒಳಗೆ ಬರೆದಿಟ್ಟ ಸಮಯವೂ ಹೋಗುತ್ತದೆ. ಸಮಯ ಯಾಕೆ ಬೇಕು ಅಂತ ಆಮೇಲೆ ಹೇಳುತ್ತೇನೆ.

(ಸಂಜೆ ಪಶ್ಚಿಮದಲ್ಲೋ ಬೆಳಗಿನ ಜಾವ ಪೂರ್ವದಲ್ಲೋ ಕಣ್ಣು ಕುಕ್ಕುವಂಥ ಒಂದೇ ಚುಕ್ಕಿ ಇದ್ದರೆ ಮಾತ್ರ ಕೇಳುವ ಮೊದಲೇ "ಶುಕ್ರ ಇರಬೇಕು" ಅಂದುಬಿಡುತ್ತೇನೆ. ನಮ್ಮಜ್ಜಿ ಅದನ್ನು ಬೆಳ್ಳಿ ಅನ್ನುತ್ತಿದ್ದರು. ಆಂಟಿಯ ಡ್ರೋನ್ ಕೂಡ ಅದೇ.)

ಅಗಲದ ಫೋಟೊ ಒಂದು ಕೈಗೆ ಬಂತು ಅಂದರೆ ಕೆಲಸ ಸುಲಭ. ಕಣ್ಣಿಗೆ ಗೊತ್ತಾಗದಿದ್ದರೆ ಆಸ್ಟ್ರೋಮೆಟ್ರಿ ಡಾಟ್ ನೆಟ್ ಅನ್ನುವ ಉಚಿತ ಸೇವೆ ಇದೆ. ಡಸ್ಟಿನ್ ಲ್ಯಾಂಗ್, ಡೇವಿಡ್ ಹಾಗ್ ಮತ್ತು ಜೊತೆಗಾರರು ಮಾಡಿದ್ದು. 2010ರಲ್ಲಿ ಅದರ ಬಗ್ಗೆ ಪ್ರಬಂಧ ಬರೆದರು. ಅದಕ್ಕೆ ಊರು, ತಾರೀಖು, ಕ್ಯಾಮೆರಾ ಯಾವುದನ್ನೂ ಹೇಳಬೇಕಿಲ್ಲ. ಬರೀ ಫೋಟೊ ಕೊಟ್ಟರೆ ಸಾಕು. ಇದು ಆಕಾಶದ ಯಾವ ಭಾಗ, ಉತ್ತರ ಯಾವ ಕಡೆ, ಯಾವ ಚುಕ್ಕಿಗೆ ಏನು ಹೆಸರು, ಎಲ್ಲ ಬರೆದು ಕೊಡುತ್ತದೆ.

ಹೇಗೆ ಮಾಡುತ್ತದೆ ಅನ್ನೋದು ಗೊತ್ತಾದ ಮೇಲೆ ನನಗೆ ಅದರ ಮೇಲೆ ಪ್ರೀತಿ ಜಾಸ್ತಿಯಾಯಿತು. ಮೊದಲು ಫೋಟೊದಲ್ಲಿ ಹೊಳೆಯುವ ಚುಕ್ಕಿಗಳನ್ನು ಹೆಕ್ಕುತ್ತದೆ. ಅವುಗಳಲ್ಲಿ ನಾಲ್ಕು ನಾಲ್ಕರ ಗುಂಪು ಮಾಡುತ್ತದೆ. ಒಂದು ಗುಂಪಿನಲ್ಲಿ ಒಂದಕ್ಕೊಂದು ಅತಿ ದೂರ ಇರುವ ಎರಡನ್ನು ಹಿಡಿದು, ಆ ದೂರವನ್ನೇ ಅಳತೆಗೋಲು ಮಾಡಿಕೊಳ್ಳುತ್ತದೆ. ಉಳಿದ ಎರಡು ಚುಕ್ಕಿ ಆ ಅಳತೆಯಲ್ಲಿ ಎಲ್ಲಿ ಬಿದ್ದಿವೆ? ಒಂದೊಂದಕ್ಕೆ ಎರಡೆರಡರಂತೆ ಒಟ್ಟು ನಾಲ್ಕು ಸಂಖ್ಯೆ. ಫೋಟೊವನ್ನು ತಿರುಗಿಸಿ, ಹಿಗ್ಗಿಸಿ, ಕುಗ್ಗಿಸಿ, ಆ ನಾಲ್ಕು ಸಂಖ್ಯೆ ಬದಲಾಗುವುದಿಲ್ಲ. ಇಡೀ ಆಕಾಶದ ನಕ್ಷತ್ರಗಳಿಂದ ಇಂಥ ನಾಲ್ಕರ ಗುಂಪುಗಳನ್ನು ಮೊದಲೇ ಲೆಕ್ಕ ಹಾಕಿ ಪಟ್ಟಿ ಮಾಡಿಟ್ಟಿದ್ದಾರೆ. ಹೊಂದುವ ಗುಂಪು ಸಿಕ್ಕ ಕೂಡಲೇ ತೀರ್ಪು ಕೊಡುವುದಿಲ್ಲ. "ಇದು ನಿಜವಾದರೆ ಇಲ್ಲೊಂದು, ಅಲ್ಲೊಂದು ನಕ್ಷತ್ರ ಇರಲೇಬೇಕು, ಇವೆಯಾ?" ಅಂತ ಉಳಿದ ಚುಕ್ಕಿಗಳನ್ನೂ ಪರೀಕ್ಷಿಸುತ್ತದೆ. ಸಾಕ್ಷಿ ಸಾಲದಿದ್ದರೆ ಬಿಟ್ಟು ಮುಂದಿನ ಗುಂಪಿಗೆ ಹೋಗುತ್ತದೆ. ಎಷ್ಟು ಜನರಲ್ಲಿ ಈ ತಾಳ್ಮೆ ಇದೆ ಹೇಳಿ.

ಇದೇ ಬಗೆಯ ಕೆಲಸ ನಮ್ಮ ಊರಿಗೂ ಹೊಸದಲ್ಲ. ಉಪಗ್ರಹ ತಾನು ಯಾವ ಕಡೆ ಮುಖ ಮಾಡಿದ್ದೇನೆ ಅಂತ ನಿಖರವಾಗಿ ತಿಳಿಯಲು ನಕ್ಷತ್ರಗಳ ಚಿತ್ರ ತೆಗೆದು, ತನ್ನೊಳಗಿನ ಪಟ್ಟಿಗೆ ಹೋಲಿಸಿ ನೋಡುತ್ತದೆ. ಆ ಸ್ಟಾರ್ ಸೆನ್ಸರ್‌ಗಳನ್ನು ಮಾಡುವ ಇಸ್ರೋದ ಲಿಯೋಸ್ ಪ್ರಯೋಗಾಲಯ ಇರುವುದು ಪೀಣ್ಯದಲ್ಲಿ. 1975ರಲ್ಲಿ ಹಾರಿದ ಆರ್ಯಭಟ ಉಪಗ್ರಹ ತಯಾರಾದದ್ದೂ ಪೀಣ್ಯದ ಶೆಡ್‌ಗಳಲ್ಲೇ. ಗೊರಗುಂಟೆಪಾಳ್ಯದ ಟ್ರಾಫಿಕ್‌ನಲ್ಲಿ ನಿಂತಾಗ ನಾನು ಇದನ್ನು ನೆನೆಸಿಕೊಂಡು ಸಮಾಧಾನ ಮಾಡಿಕೊಳ್ಳುತ್ತೇನೆ.

ಇಲ್ಲೊಂದು ಗೊಂದಲ ಬಿಡಿಸಬೇಕು. ಫೋನನ್ನು ಆಕಾಶಕ್ಕೆ ಹಿಡಿದರೆ ಹೆಸರು ತೋರಿಸುವ ಆ್ಯಪ್‌ಗಳಿವೆಯಲ್ಲ, ಅವುಗಳಲ್ಲಿ ಹೆಚ್ಚಿನವು ಆಕಾಶವನ್ನು ನೋಡುವುದೇ ಇಲ್ಲ. ಫೋನಿನ ದಿಕ್ಸೂಚಿ, ಅದು ಎಷ್ಟು ವಾಲಿದೆ ಅನ್ನುವ ಲೆಕ್ಕ, ಸಮಯ, ಊರು, ಇಷ್ಟರಿಂದ ಊಹಿಸಿ ನಕ್ಷೆ ಬಿಡಿಸುತ್ತವೆ. ಮೋಡ ಕವಿದಿದ್ದರೂ ತೋರಿಸುತ್ತವೆ, ಚಾವಣಿ ಕೆಳಗೆ ಕೂತಿದ್ದರೂ ತೋರಿಸುತ್ತವೆ. ಟೆರೇಸ್‌ನಲ್ಲಿ ನೀರಿನ ಟ್ಯಾಂಕಿನ ಕಬ್ಬಿಣದ ಸ್ಟ್ಯಾಂಡ್ ಪಕ್ಕ ನಿಂತರೆ ದಿಕ್ಸೂಚಿ ಸರಿದು ಹೆಸರುಗಳೂ ಪಕ್ಕಕ್ಕೆ ಸರಿಯುತ್ತವೆ. ಬೇಗ ನೋಡಲು ಆ್ಯಪ್ ಚೆನ್ನ. ಆದರೆ ವಾದ ಬಂದರೆ ನಾನು ಫೋಟೊವನ್ನೇ ನಂಬುತ್ತೇನೆ.

2026ರ ಜನವರಿಯ ಒಂದು ಫೋಟೊ ಹೇಳುತ್ತೇನೆ. ಬನಶಂಕರಿಯ ನಮ್ಮ ಮನೆ ಟೆರೇಸ್, ರಾತ್ರಿ ಹನ್ನೊಂದು ದಾಟಿದ ಹೊತ್ತು. ಟ್ರೈಪಾಡ್ ಇಲ್ಲ. ಬೇಕಾಗಿಯೂ ಇಲ್ಲ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಚಳಿಗಾಲದ ದೊಡ್ಡ ನಕ್ಷತ್ರಗಳೆಲ್ಲ ಆ ಹೊತ್ತಿಗೆ ನಮ್ಮ ನಡುನೆತ್ತಿಯ ಸುತ್ತಲೇ ನಿಂತಿರುತ್ತವೆ. ಟೈಮರ್ ಒತ್ತಿ, ಫೋನನ್ನು ಪ್ಯಾರಪೆಟ್ ಗೋಡೆಯ ಮೇಲೆ ಬೋರಲು ಹಾಕಿದರೆ ಆಯಿತು. ಹಿಂದಿನ ಕ್ಯಾಮೆರಾ ನೇರ ಆಕಾಶ ನೋಡುತ್ತದೆ. ಕೆಳಗೊಂದು ಬಟ್ಟೆ ಹಾಕಿ, ಸ್ಕ್ರೀನ್‌ಗೆ ಗೀರು ಬೀಳುತ್ತೆ. ನೈಟ್ ಮೋಡ್, ಹತ್ತು ಸೆಕೆಂಡು. ಅದಕ್ಕಿಂತ ತುಂಬಾ ಜಾಸ್ತಿ ಬೇಡ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತಿರುತ್ತದೆ. ಚುಕ್ಕಿಗಳು ಗೀಟಾಗಲು ಶುರುವಾಗುತ್ತವೆ.

ಬಂದ ಚಿತ್ರದಲ್ಲಿ ಮೊದಲು ಕಣ್ಣಿಗೆ ಬೀಳುವುದು ಓರಿಯನ್ ಅನ್ನುವ ನಕ್ಷತ್ರಪುಂಜದ ಸೊಂಟದ ಮೂರು ಚುಕ್ಕಿ, ಒಂದೇ ಸಾಲಿನಲ್ಲಿ. ಇದನ್ನು ಪುಸ್ತಕಗಳಲ್ಲಿ ಮಹಾವ್ಯಾಧ ಅನ್ನುತ್ತಾರೆ. ಸೊಂಟದ ಒಂದು ಕಡೆ ಆರ್ದ್ರಾ, ಅಂದರೆ ಬೀಟಲ್‌ಜ್ಯೂಸ್. ಇನ್ನೊಂದು ಕಡೆ ರೈಜಲ್. ದೊಡ್ಡದು ಮಾಡಿ ನೋಡಿದರೆ ಒಂದು ಕೆಂಡದ ಬಣ್ಣ, ಇನ್ನೊಂದು ನೀಲಿ ಬಿಳುಪು. ನಗರದ ಬೆಳಕಿನಲ್ಲಿ ಬರಿಗಣ್ಣು ಈ ಬಣ್ಣವನ್ನು ಅರ್ಧಂಬರ್ಧ ಹಿಡಿಯುತ್ತದೆ, ಕ್ಯಾಮೆರಾ ಸುಳ್ಳು ಹೇಳುವುದಿಲ್ಲ. ಸೊಂಟದ ಕೆಳಗೆ ಕತ್ತಿಯ ಹಾಗೆ ಇಳಿದ ಮೂರು ಮಂಕು ಚುಕ್ಕಿಗಳಲ್ಲಿ ನಡುವಿನದು ಚುಕ್ಕಿಯಾಗಿಲ್ಲ, ಕದಡಿದಂತಿದೆ. ಅದು ಎಂ 42, ನಕ್ಷತ್ರಗಳು ಹುಟ್ಟುವ ಅನಿಲದ ಮೋಡ. ಕೆಳಗಡೆ ಆಟೊ ಹೋಗುತ್ತಿರುವ ಊರಿನ ಫೋನ್ ಫೋಟೊದಲ್ಲಿ ಅದು ಸಿಗುತ್ತೆ ಅನ್ನೋದು ನನಗೆ ಇವತ್ತಿಗೂ ಸೋಜಿಗ. ಫೋನನ್ನು ಉತ್ತರ ದಕ್ಷಿಣಕ್ಕೆ ಉದ್ದವಾಗಿ ಇಟ್ಟರೆ ಲುಬ್ಧಕ, ಅಂದರೆ ಸಿರಿಯಸ್ ನಕ್ಷತ್ರ, ಅಂಚಿನಲ್ಲಿ ಬರುತ್ತಾನೆ. ಪೂರ್ವ ಪಶ್ಚಿಮಕ್ಕೆ ಇಟ್ಟರೆ ಲುಬ್ಧಕ ಹೋಗಿ ರೋಹಿಣಿ ಬರುತ್ತಾಳೆ. ಇಬ್ಬರನ್ನೂ ಒಟ್ಟಿಗೆ ಕರೆಯಲು ಸ್ವಲ್ಪ ಹೆಣಗಬೇಕು.

ಆದರೆ ಆ ಫೋಟೊದಲ್ಲಿ ಎಲ್ಲಕ್ಕಿಂತ ಜೋರಾಗಿ ಹೊಳೆಯುವ ಚುಕ್ಕಿ ಇವು ಯಾವುದೂ ಅಲ್ಲ. ಪುನರ್ವಸುವಿನ ಅವಳಿ ನಕ್ಷತ್ರಗಳಾದ ಕ್ಯಾಸ್ಟರ್, ಪೊಲಕ್ಸ್ ಹತ್ತಿರ ಅದು ಕೂತಿದೆ. ಆಸ್ಟ್ರೋಮೆಟ್ರಿಗೆ ಕೊಟ್ಟರೆ ಸುತ್ತಲಿನ ಮಂಕು ಚುಕ್ಕಿಗಳಿಗೆಲ್ಲ ಹೆಸರು ಬರೆಯುತ್ತದೆ, ಇದರ ಪಕ್ಕ ಮಾತ್ರ ಏನೂ ಇಲ್ಲ! ಮೊದಲ ಸಲ ನೋಡಿದವರು ಹೊಸ ನಕ್ಷತ್ರ ಹುಟ್ಟಿತು ಅಂದುಕೊಳ್ಳಬೇಕು.

ಅದು ಗುರುಗ್ರಹ. ಗ್ರಹಗಳು ನಕ್ಷತ್ರಪಟ್ಟಿಯಲ್ಲಿ ಇರುವುದಿಲ್ಲ, ಯಾಕೆಂದರೆ ಅವು ಒಂದು ಕಡೆ ನಿಲ್ಲುವುದಿಲ್ಲ. ತಾರೀಖು ಗೊತ್ತಿಲ್ಲದೆ ಗ್ರಹವನ್ನು ಗುರುತಿಸಲು ಆಗುವುದಿಲ್ಲ. ಅದಕ್ಕೇ ನಾನು ಸಮಯ ಕೇಳುವುದು. 2026ರ ಜನವರಿ 10ಕ್ಕೆ ಗುರು ಸೂರ್ಯನಿಗೆ ನೇರ ಎದುರು ಬಂದಿತ್ತು, ಇಡೀ ರಾತ್ರಿ ಕಾಣುತ್ತಿತ್ತು. ಹಿಂದಿನ ವರ್ಷದ ಜನವರಿಯ ನನ್ನ ಫೋಟೊ ತೆಗೆದರೆ ಅದೇ ಗುರು ರೋಹಿಣಿಯ ಪಕ್ಕದಲ್ಲಿದೆ. ಎರಡು ಫೋಟೊಗಳಲ್ಲೂ ಓರಿಯನ್, ರೋಹಿಣಿ, ಪುನರ್ವಸು ಇದ್ದಲ್ಲೇ ಇವೆ. ಗುರು ಒಬ್ಬನೇ ಮನೆ ಬದಲಾಯಿಸಿದ್ದಾನೆ.

ಇದನ್ನು ತಿಳಿಯಲು ಸ್ಟೆಲೇರಿಯಂ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ತಾರೀಖು, ಗಂಟೆ, ಊರು ಕೊಟ್ಟರೆ ಆವತ್ತಿನ ಆಕಾಶ ತೋರಿಸುತ್ತದೆ. ಅದೂ ಬೇಡ ಅಂದರೆ ಗೋಡೆಗೆ ನೇತುಹಾಕಿದ ಪಂಚಾಂಗ ತೆಗೆಯಿರಿ. ಅದರ ಪ್ರಕಾರ 2025ರ ಜನವರಿಯಲ್ಲಿ ಗುರು ವೃಷಭದಲ್ಲಿ, 2026ರ ಜನವರಿಯಲ್ಲಿ ಮಿಥುನದಲ್ಲಿ. ಎರಡೂ ಫೋಟೊಗೆ ಸರಿಹೋಗುತ್ತದೆ. ಪಂಚಾಂಗದ ಫಲ ನನಗೆ ಬೇಡ, ಅದರ ಗ್ರಹಸ್ಥಾನ ಬೇಕು. ಇದನ್ನು ಹೇಳಿದರೆ ನಮ್ಮ ಮನೆಯಲ್ಲಿ ಅಮ್ಮನಿಗೂ ಸಿಟ್ಟು, ವಿಜ್ಞಾನದ ಗೆಳೆಯರಿಗೂ ಸಿಟ್ಟು. ಇಬ್ಬರಿಗೂ ಫೋಟೊ ತೋರಿಸಿ ಸುಮ್ಮನಾಗುತ್ತೇನೆ.

ಬೆಂಗಳೂರಿನ ಆಕಾಶ ಹಾಳಾಗಿದೆ, ಏನೂ ಕಾಣಲ್ಲ ಅಂತ ಎಲ್ಲರೂ ಬೈಯುತ್ತಾರೆ. ನಾನೂ ಬೈಯುತ್ತೇನೆ. ರಸ್ತೆಗಳಿಗೆ ಬಿಳಿ ಎಲ್‌ಇಡಿ ಬಂದ ಮೇಲೆ ಇನ್ನೂ ಹಾಳು. ನಂದಿಬೆಟ್ಟದ ಮೇಲಿಂದ ನೋಡಿದರೂ ದಕ್ಷಿಣ ದಿಕ್ಕಿಗೆ ನಮ್ಮ ಊರಿನ ಬೆಳಕಿನ ಗುಮ್ಮಟ ಕಾಣುತ್ತದೆ. ಆದರೂ ನಕ್ಷತ್ರ ಗುರುತಿಸಲು ಕಲಿಯುವವರಿಗೆ ಈ ಬಡ ಆಕಾಶವೇ ಒಳ್ಳೆಯ ಮೇಷ್ಟ್ರು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಇಲ್ಲಿ ಉಳಿದುಕೊಂಡಿರುವವು ದೊಡ್ಡ ನಕ್ಷತ್ರಗಳು ಮಾತ್ರ. ಲುಬ್ಧಕ, ಅಗಸ್ತ್ಯ, ರೋಹಿಣಿ, ಮಖಾ, ಚಿತ್ತಾ, ಸ್ವಾತಿ, ಜ್ಯೇಷ್ಠಾ, ಅಭಿಜಿತ್, ಶ್ರವಣ. ಹೆಸರಿರುವವರ ಪಟ್ಟಿ ಅಷ್ಟೇ. ಅದೇ ಚಿಕ್ಕಮಗಳೂರಿನ ಕಡೆಯ ಹೋಮ್‌ಸ್ಟೇ ಅಂಗಳದಲ್ಲಿ ತೆಗೆದ ಫೋಟೊದಲ್ಲಿ ಚುಕ್ಕಿಗಳು ಎಷ್ಟೆಂದರೆ ಪರಿಚಯದ ಓರಿಯನ್ನೇ ಗುಂಪಿನಲ್ಲಿ ಕಳೆದುಹೋಗುತ್ತದೆ. ಚೆಂದವೇನೋ ಹೌದು. ಕಲಿಯಲು ಆಗುವುದಿಲ್ಲ. ಮೊದಲು ಇಲ್ಲಿ ಕಲಿತು, ಆಮೇಲೆ ಅಲ್ಲಿಗೆ ಹೋಗಬೇಕು.

ಇನ್ನು ನಕ್ಷತ್ರವೇ ಅಲ್ಲದವು. ನನ್ನ ಹತ್ತಿರ ಬರುವ ಫೋಟೊಗಳಲ್ಲಿ ಅರ್ಧ ಜಗಳ ಇವುಗಳದ್ದೇ.

ಚಿತ್ರದ ಒಂದು ಮೂಲೆಯಲ್ಲಿ ಬೀದಿದೀಪ ಇದ್ದರೆ ಅದರ ನೇರ ಎದುರು ಮೂಲೆಯಲ್ಲಿ ಹಸಿರು ಹೊಗೆಯಂಥದ್ದೇನೋ ಬಂದಿರುತ್ತದೆ. ಲೆನ್ಸಿನೊಳಗೆ ದೀಪದ ಬೆಳಕು ಪ್ರತಿಫಲಿಸಿದ್ದು. ದೀಪದಿಂದ ಚಿತ್ರದ ನಡುವಿನ ಮೂಲಕ ಗೆರೆ ಎಳೆಯಿರಿ, ಆ "ಹಾರುವ ತಟ್ಟೆ" ಅದೇ ಗೆರೆ ಮೇಲೆ ಸಿಗುತ್ತದೆ. ಒಂದೇ ಪಿಕ್ಸೆಲ್‌ನಷ್ಟು, ಚೂಪಾದ ಕೆಂಪು ಅಥವಾ ನೀಲಿ ಚುಕ್ಕಿ ಇದ್ದರೆ ಅದು ಸೆನ್ಸರಿನ ದೋಷ. ಕ್ಯಾಮೆರಾ ಎತ್ತ ತಿರುಗಿಸಿದರೂ ಚಿತ್ರದ ಅದೇ ಜಾಗದಲ್ಲಿ ಇರುತ್ತದೆ. ನಿಜವಾದ ನಕ್ಷತ್ರ ಯಾವಾಗಲೂ ಕೆಲವು ಪಿಕ್ಸೆಲ್ ಹರಡಿರುತ್ತದೆ.

ಗೀಟುಗಳಲ್ಲಿ ಎರಡು ಬಗೆ. ವಿಮಾನದ ದೀಪ ಮಿಟುಕುವುದರಿಂದ ಅದರ ಗೀಟಿನ ಮೇಲೆ ಚುಕ್ಕಿ ಚುಕ್ಕಿ ಇರುತ್ತದೆ. ಉಪಗ್ರಹದ ಗೀಟು ನಯವಾಗಿರುತ್ತದೆ. ಕೆಲವೊಮ್ಮೆ ನಡುವೆಯೇ ಮಂಕಾಗಿ ಮಾಯವಾಗುತ್ತದೆ, ಅಲ್ಲಿ ಅದು ಭೂಮಿಯ ನೆರಳಿಗೆ ಹೊಕ್ಕಿತು ಅಂತ ಅರ್ಥ. ಮೋಸ ಮಾಡುವುದು ಮೂರನೆಯದು. ದೇವನಹಳ್ಳಿಗೆ ಇಳಿಯುವ ವಿಮಾನ ನಮ್ಮ ಕಡೆಗೇ ಮುಖ ಮಾಡಿ ಬರುತ್ತಿದ್ದರೆ ಅದರ ಲ್ಯಾಂಡಿಂಗ್ ಲೈಟು ಸ್ವಲ್ಪ ಹೊತ್ತು ಅಲ್ಲಾಡದ ನಕ್ಷತ್ರದಂತೆ ನಿಂತುಬಿಡುತ್ತದೆ. ಎರಡು ನಿಮಿಷ ಬಿಟ್ಟು ಇನ್ನೊಂದು ಫೋಟೊ ತೆಗೆದರೆ ಗೊತ್ತಾಗುತ್ತದೆ. ನಿಜ ಹೇಳಬೇಕೆಂದರೆ, ಎಲ್ಲ ಅನುಮಾನಕ್ಕೂ ಔಷಧ ಇದೊಂದೇ: ಎರಡನೇ ಫೋಟೊ.

ಫೋನುಗಳ ಮೇಲೆ ನನಗೊಂದು ತಕರಾರಿದೆ. ಈಗಿನ ಫೋನು ಚಿತ್ರವನ್ನು "ಚೆಂದ" ಮಾಡಲು ಹೋಗಿ ಮಂಕು ನಕ್ಷತ್ರಗಳನ್ನು ಕಸ ಅಂದುಕೊಂಡು ಗುಡಿಸಿಹಾಕುತ್ತದೆ. ಸಾಧ್ಯವಿದ್ದರೆ ರಾ ಫೈಲ್, ಅಂದರೆ ಫೋನು ತಿದ್ದುವ ಮೊದಲಿನ ಮೂಲ ಚಿತ್ರ, ಇಟ್ಟುಕೊಳ್ಳಿ. ಸೆಲ್ಫಿ ಕ್ಯಾಮೆರಾದಲ್ಲಿ ತೆಗೆದರೆ ಕೆಲವು ಫೋನುಗಳಲ್ಲಿ ಎಡ ಬಲ ಅದಲು ಬದಲಾಗುತ್ತದೆ. ಕನ್ನಡಿಯೊಳಗಿನ ಓರಿಯನ್ ಯಾವ ನಕ್ಷೆಗೂ ಹೊಂದುವುದಿಲ್ಲ. ಆಸ್ಟ್ರೋಮೆಟ್ರಿಗೆ ಕೊಡುವ ಮೊದಲು ಮನೆ, ಮರ, ಕಿಟಕಿ ದೀಪಗಳನ್ನು ಕತ್ತರಿಸಿ ಬರೀ ಆಕಾಶ ಉಳಿಸಿ. ಇಲ್ಲದಿದ್ದರೆ ಎದುರು ಅಪಾರ್ಟ್‌ಮೆಂಟಿನ ಟ್ಯೂಬ್‌ಲೈಟುಗಳನ್ನೂ ಪಾಪ ಅದು ನಕ್ಷತ್ರ ಅಂತ ಎಣಿಸುತ್ತದೆ.

ತಿಪಟೂರಿನಿಂದ ಚಿಕ್ಕಪ್ಪ ಬಂದಾಗ ಇದೆಲ್ಲ ತೋರಿಸಿದೆ. ಜೀವನವಿಡೀ ಹೊಲ ನೋಡಿಕೊಂಡವರು. ನಕ್ಷತ್ರಗಳ ಹೆಸರು ನನಗಿಂತ ಚೆನ್ನಾಗಿ ಅವರ ಬಾಯಲ್ಲಿದೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತ ಶುರು ಮಾಡಿದರೆ ಸ್ವಾತಿವರೆಗೂ ನಿಲ್ಲಿಸುವುದಿಲ್ಲ. ಫೋಟೊದಲ್ಲಿ ಆ ಕೆಂಪು ಚುಕ್ಕಿ ತೋರಿಸಿ, "ಚಿಕ್ಕಪ್ಪ, ಇದೇ ನೋಡಿ ಆರಿದ್ರಾ" ಅಂದೆ. ಕನ್ನಡಕ ಏರಿಸಿ ನೋಡಿದರು. "ಆರಿದ್ರಾ ಮಳೇಲಿ ನೆಂದಿದೀನಿ ಕಣೋ. ಮಳೆ ಹೊತ್ತಲ್ಲಿ ಈ ಚುಕ್ಕಿ ಯಾವತ್ತೂ ಕಂಡಿಲ್ವಲ್ಲ?" ಅಂದರು.

ಮೋಡ ಇರುತ್ತೆ, ಅದಕ್ಕೇ ಕಾಣಲ್ಲ ಅಂತ ಪಕ್ಕದಲ್ಲಿದ್ದ ತಂಗಿ ಅಂದಳು. ಮೋಡ ಇಲ್ಲದಿದ್ದರೂ ಕಾಣುತ್ತಿರಲಿಲ್ಲ. ಮಳೆ ನಕ್ಷತ್ರದ ಲೆಕ್ಕವೇ ಹಾಗಿದೆ. ಸೂರ್ಯ ಯಾವ ನಕ್ಷತ್ರದ ಭಾಗದಲ್ಲಿ ಇರುತ್ತಾನೋ ಆಗಿನ ಮಳೆಗೆ ಆ ಹೆಸರು. ಜೂನ್ 22ರ ಆಸುಪಾಸಿನಲ್ಲಿ ಆರಿದ್ರಾ ಮಳೆ ಹುಟ್ಟುವಾಗ ಆರ್ದ್ರಾ ನಕ್ಷತ್ರ ಸೂರ್ಯನ ಜೊತೆಗೇ ಹುಟ್ಟಿ, ಜೊತೆಗೇ ಮುಳುಗುತ್ತದೆ. ಹಗಲಿಡೀ ತಲೆ ಮೇಲೆ ಇರುತ್ತದೆ, ಬೆಳಕಿನಲ್ಲಿ ಕಾಣುವುದಿಲ್ಲ. ಅದನ್ನು ಕಾಣಬೇಕಾದರೆ ಆರು ತಿಂಗಳು ತಡೆದು ಡಿಸೆಂಬರಿನ ರಾತ್ರಿಗೆ ಬರಬೇಕು. ಚಿಕ್ಕಪ್ಪ ಸ್ವಲ್ಪ ಹೊತ್ತು ಲೆಕ್ಕ ಹಾಕಿ, "ಹಾಗಾದ್ರೆ ಹುಣಸೆ ಬಡಿಯೋ ಹೊತ್ತಲ್ಲಿ ನೋಡಿರ್ತೀನಿ, ಹೆಸರು ಗೊತ್ತಿರಲಿಲ್ಲ ಅಷ್ಟೆ" ಅಂದರು.

ಆ ಆರ್ದ್ರಾ 2019ರ ಕೊನೆಗೆ ಇದ್ದಕ್ಕಿದ್ದಂತೆ ಮಂಕಾಯಿತು. 2020ರ ಫೆಬ್ರವರಿ ಹೊತ್ತಿಗೆ ಅದರ ಬೆಳಕು ಮಾಮೂಲಿನ ಅರ್ಧಕ್ಕಿಂತ ಕಡಿಮೆ. ಅದೇ ಉಗುಳಿದ ಧೂಳು ಅಡ್ಡ ಬಂದಿತ್ತು ಅನ್ನುತ್ತಾರೆ. ಆಗಿನ ನಿಮ್ಮ ಫೋಟೊ ಏನಾದರೂ ಇದ್ದರೆ ತೆಗೆದು ನೋಡಿ. ಆರ್ದ್ರಾವನ್ನು ರೋಹಿಣಿಗೆ ಹೋಲಿಸಿ. ಮಾಮೂಲಿಗೆ ಆರ್ದ್ರಾ ರೋಹಿಣಿಗಿಂತ ಜೋರು. ಆ ಫೋಟೊದಲ್ಲಿ ರೋಹಿಣಿ ಗೆದ್ದಿರುತ್ತಾಳೆ.

ಚುಕ್ಕಿಯೂ ಅಲ್ಲದ, ಗೀಟೂ ಅಲ್ಲದ ಇನ್ನೊಂದು ಜಾತಿ ಇದೆ. ಕದಡಿದಂಥದ್ದು, ಪಟ್ಟಿಯಲ್ಲಿ ಇಲ್ಲದ್ದು. 2024ರ ಸೆಪ್ಟೆಂಬರ್ ಕೊನೆಗೆ ತ್ಸುಚಿನ್‌ಶಾನ್ ಅಟ್ಲಾಸ್ ಧೂಮಕೇತು ಬೆಳಗಿನ ಜಾವ ಬೆಂಗಳೂರಿನಿಂದಲೂ ಸಿಕ್ಕಿತು. ಸುಮಾರು ಜನ ಟೆರೇಸ್ ಹತ್ತಿ ತೆಗೆದರು. ಜೊತೆಗೆ ಸೂರ್ಯನ ಬೆಳಕು ಬಿದ್ದ ವಿಮಾನದ ಹೊಗೆಯ ಬಾಲಗಳನ್ನೂ ತೆಗೆದು ಧೂಮಕೇತು ಅಂತ ಹಂಚಿದರು. ಇಲ್ಲೂ ಎರಡನೇ ಫೋಟೊ ಇದ್ದವರು ಗೆದ್ದರು.

ಕೋರಮಂಗಲದ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕ ವೇಣು ಬಾಪು ಅವರ ಹೆಸರಿನ ಧೂಮಕೇತು ಸಿಕ್ಕಿದ್ದೂ ಫೋಟೊದಲ್ಲೇ. 1949ರಲ್ಲಿ, ಹಾರ್ವರ್ಡ್‌ನಲ್ಲಿ ಓದುತ್ತಿದ್ದಾಗ, ಆಕಾಶದ ಫೋಟೊ ಪ್ಲೇಟಿನಲ್ಲಿ ಅಲ್ಲಿ ಇರಬಾರದ ವಸ್ತುವನ್ನು ಗಮನಿಸಿದರು. ಜೊತೆಗಿದ್ದ ಬಾರ್ಟ್ ಬಾಕ್ ಮತ್ತು ಗಾರ್ಡನ್ ನ್ಯೂಕರ್ಕ್ ಹೆಸರೂ ಸೇರಿ ಅದು ಬಾಪು ಬಾಕ್ ನ್ಯೂಕರ್ಕ್ ಧೂಮಕೇತುವಾಯಿತು. ಬಾಪು ಅವರ ತಂದೆ ಕೆಲಸಕ್ಕಿದ್ದದ್ದು ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ. ಇಡೀ ಆಕಾಶದ ಫೋಟೊ ನಕ್ಷೆ ಮಾಡಬೇಕು ಅಂತ 1887ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾದ ದೊಡ್ಡ ಯೋಜನೆಯಲ್ಲಿ ಆ ವೀಕ್ಷಣಾಲಯಕ್ಕೂ ಪಾಲು ಸಿಕ್ಕಿತ್ತು. ಗಾಜಿನ ಪ್ಲೇಟಿನ ಮೇಲೆ ಒಂದೊಂದೇ ಚುಕ್ಕಿಯ ಜಾಗವನ್ನು ಕಣ್ಣಿಟ್ಟು ಅಳೆದು ಬರೆಯಬೇಕಿತ್ತು. ಲಕ್ಷಾಂತರ ಚುಕ್ಕಿ. ಈಗ ನಾನು ಅಪ್‌ಲೋಡ್ ಒತ್ತಿ ಕಾಫಿ ಕುಡಿಯುತ್ತೇನೆ.

ಬೇಸಿಗೆಯಲ್ಲಿ ನೀವೇ ಮಾಡಿ ನೋಡಬಹುದಾದ ಒಂದು ಕೆಲಸ ಹೇಳುತ್ತೇನೆ. ಮದುವೆಯಲ್ಲಿ ಅರುಂಧತಿ ತೋರಿಸುತ್ತಾರಲ್ಲ. ನಾನು ನೋಡಿದ ಮದುವೆಗಳಲ್ಲೆಲ್ಲ ಹಗಲು ಹನ್ನೆರಡಕ್ಕೆ, ಕಲ್ಯಾಣ ಮಂಟಪದ ಫ್ಯಾನಿನ ಕಡೆ ಕೈ ತೋರಿಸಿ, "ಕಾಣಿಸ್ತಾ?" ಅಂದಿದ್ದಾರೆ, ಮದುಮಕ್ಕಳು "ಕಾಣಿಸ್ತು" ಅಂದಿದ್ದಾರೆ. ನಿಜವಾದದ್ದು ಬೇಕಾದರೆ ಮೇ ತಿಂಗಳಲ್ಲಿ ರಾತ್ರಿ ಒಂಬತ್ತರ ಮೇಲೆ, ಮಳೆ ಮೋಡ ಇಲ್ಲದ ದಿನ, ಉತ್ತರಕ್ಕೆ ತಿರುಗಿ ಸಪ್ತರ್ಷಿ ಮಂಡಲದ ಫೋಟೊ ತೆಗೆಯಿರಿ. ಬಾಲದ ತುದಿಯಿಂದ ಎರಡನೆಯದು ವಸಿಷ್ಠ. ಫೋನಿನ ಮಾಮೂಲು ಕ್ಯಾಮೆರಾದಲ್ಲಿ ಅದರಿಂದ ಹತ್ತು ಹನ್ನೆರಡು ಪಿಕ್ಸೆಲ್ ಆಚೆಗೆ ಒಂದು ಮಂಕು ಚುಕ್ಕಿ ಅಂಟಿಕೊಂಡಿರುತ್ತದೆ. ಅದೇ ಅರುಂಧತಿ. ಪರದೆ ಮೇಲೆ ಎರಡು ಬೆರಳಲ್ಲಿ ಹಿಗ್ಗಿಸಿದರೆ ಸಾಕು.

ದೊಡ್ಡ ಕ್ಯಾಮೆರಾ, ಸ್ವಲ್ಪ ಉದ್ದದ ಲೆನ್ಸ್ ಇದ್ದು, ಕೆಲವು ಫೋಟೊಗಳನ್ನು ಒಂದರ ಮೇಲೊಂದು ಸೇರಿಸಿದರೆ ಅವರಿಬ್ಬರ ನಡುವೆ ಇನ್ನೂ ಒಂದು ಚುಕ್ಕಿ ಎದ್ದು ಬರುತ್ತದೆ. ಬರಿಗಣ್ಣಿಗೆ ಎಟುಕದ್ದು. 1722ರಲ್ಲಿ ಜರ್ಮನಿಯ ಲೀಬ್‌ನೆಖ್ಟ್ ಅನ್ನುವ ಪ್ರೊಫೆಸರ್ ಅದನ್ನು ದೂರದರ್ಶಕದಲ್ಲಿ ಕಂಡು, ಚಲಿಸುತ್ತಿದೆ ಅಂದುಕೊಂಡು, ಹೊಸ ಗ್ರಹ ಸಿಕ್ಕಿತು ಅಂತ ಸಾರಿದ. ತನ್ನ ದೊರೆ ಲುಡ್ವಿಗ್‌ನ ಹೆಸರನ್ನೂ ಅದಕ್ಕೆ ಇಟ್ಟುಬಿಟ್ಟ. ಅದು ಗ್ರಹವಲ್ಲ, ಈ ಇಬ್ಬರಿಗೂ ಸಂಬಂಧವೇ ಇಲ್ಲದೆ ಬಹಳ ಹಿಂದೆ, ದೂರದಲ್ಲಿರುವ ಸಾದಾ ನಕ್ಷತ್ರ. ದೊರೆಯ ಹೆಸರು ಮಾತ್ರ ಇವತ್ತಿಗೂ ಅದಕ್ಕೇ ಅಂಟಿಕೊಂಡಿದೆ.